ಅಣ್ಣನ ಹಳೆಯ ಕೇಸು ರದ್ದಾಗುತ್ತದೆ, ಆದರೆ ಯಾವ ಕಾರಣಕ್ಕೆ ಎಂಬುದನ್ನು ನೋಡಿಕೊಳ್ಳಿ

ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನೀನು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಂಟನ್ನಿಗೆ ಬಂದು ಮೂರು ತಿಂಗಳಾಗಿದೆ, ದೊಡ್ಡಪ್ಪನ ಮಗನ ಮನೆಯಲ್ಲಿದ್ದೀಯ. ಹದಿನೇಳನೆಯ ವಯಸ್ಸಿಗೆ ಗ್ರೀನ್ ಕಾರ್ಡ್ ಮೇಲೆ ಬಂದ ಆ ಅಣ್ಣ 2011ರಲ್ಲಿ, ಕಾಲೇಜು ಓದುವಾಗ, ಗೆಳೆಯನ ಕಾರಿನಲ್ಲಿ ಸಿಕ್ಕ ಮಾತ್ರೆಗಳಿಗಾಗಿ, ಮಾದಕ ವಸ್ತು ಇಟ್ಟುಕೊಂಡ ಕೇಸಿನಲ್ಲಿ ತಪ್ಪೊಪ್ಪಿಕೊಂಡ. ಅಂದಿನಿಂದ ಹಾಸನದ ಕಡೆ ತಲೆ ಹಾಕಿಲ್ಲ. ಅಜ್ಜಿ ತೀರಿಕೊಂಡಾಗಲೂ ಹೋಗಲಿಲ್ಲವೆಂದು ಊರಿನವರು ಇಂದಿಗೂ ಆಡಿಕೊಳ್ಳುತ್ತಾರೆ. ಆ ಕಾನೂನನ್ನೇ ಕೋರ್ಟು ತೆಗೆದುಹಾಕಿದೆಯಂತೆ, ಹಾಗಾದರೆ ಅಣ್ಣನ ಕೇಸೂ ಹೋಯಿತೇ ಎಂಬುದು ನಿನ್ನ ಮೊದಲ ಪ್ರಶ್ನೆ. ಇಲ್ಲಿ ಗಾಂಜಾ ಅಂಗಡಿಗಳೇ ಇರುವಾಗ ನಾನೇಕೆ ಹೆದರಬೇಕು ಎಂಬುದು ಎರಡನೆಯದು.

ಮೊದಲಿಗೆ ಅಣ್ಣನ ವಿಷಯ. ಊರಿಗೆ ಹೋಗದಿದ್ದದ್ದು ಮನಸ್ಸಿಲ್ಲದೆ ಅಲ್ಲ. ಮಾದಕ ವಸ್ತುವಿನ ಶಿಕ್ಷೆಯಿರುವ ಗ್ರೀನ್ ಕಾರ್ಡುದಾರ ದೇಶ ಬಿಟ್ಟು ಮರಳಿದರೆ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಅಜ್ಜಿಯ ಮುಖ ನೋಡಲು ಹೋಗಿದ್ದರೆ ಹೆಂಡತಿ ಮಕ್ಕಳ ಬಳಿಗೆ ವಾಪಸು ಬರಲು ಆಗುತ್ತಿರಲಿಲ್ಲವೇನೋ. ಇದನ್ನು ಮನೆಯವರಿಗೆ ಹೇಳಿಕೊಳ್ಳಲೂ ಆಗದೆ ಇಷ್ಟು ವರ್ಷ ಒಬ್ಬನೇ ನುಂಗಿಕೊಂಡಿದ್ದಾನೆ. ನೀನಾದರೂ ಅವನನ್ನು ತಪ್ಪು ತಿಳಿಯಬೇಡ.

ಇನ್ನು ಆ ತೀರ್ಪು. 2016ರಲ್ಲಿ ಇದೇ ರಾಜ್ಯದ ಸ್ಪೋಕೇನಿನಲ್ಲಿ ಬ್ಲೇಕ್ ಎಂಬ ಹೆಣ್ಣುಮಗಳನ್ನು ಪೊಲೀಸರು ಹಿಡಿದರು. ಜೈಲಿನಲ್ಲಿ ತಪಾಸಣೆ ಮಾಡಿದಾಗ ಅವಳ ಜೀನ್ಸಿನ ಚಿಲ್ಲರೆ ಜೇಬಿನಲ್ಲಿ, ಬಲಗಡೆಯ ದೊಡ್ಡ ಜೇಬಿನೊಳಗೆ ಒಂದು ನಾಣ್ಯ ಹಿಡಿಯುವಷ್ಟು ಪುಟ್ಟ ಜೇಬಿರುತ್ತದಲ್ಲ, ಅದರಲ್ಲಿ ಮೆತಾಂಫೆಟಮೀನ್ ಎಂಬ ಮಾದಕ ವಸ್ತುವಿನ ಸಣ್ಣ ಪೊಟ್ಟಣ ಸಿಕ್ಕಿತು. ಆ ಪ್ಯಾಂಟನ್ನು ಗೆಳತಿಯೊಬ್ಬಳು ಹಳೆಯ ಬಟ್ಟೆಯಂಗಡಿಯಲ್ಲಿ ಕೊಂಡು ಎರಡು ದಿನದ ಹಿಂದಷ್ಟೇ ಕೊಟ್ಟಿದ್ದಳು, ಒಳಗೆ ಏನಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದಳು ಬ್ಲೇಕ್. ವಾಷಿಂಗ್ಟನ್ ರಾಜ್ಯದ ಅಂದಿನ ಕಾನೂನಿನಲ್ಲಿ ಬರೀ ಆ ಮಾತಿಗೆ ಬೆಲೆ ಇರಲಿಲ್ಲ. ವಸ್ತು ಮೈಮೇಲಿದ್ದರೆ ಸಾಕು, ಐದು ವರ್ಷದವರೆಗೆ ಜೈಲು, ಹತ್ತು ಸಾವಿರ ಡಾಲರಿನವರೆಗೆ ದಂಡ. ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಆರೋಪಿಯದೇ. 2021ರ ಫೆಬ್ರವರಿ 25ರಂದು ರಾಜ್ಯದ ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಎಂದು ಆ ಕಾನೂನನ್ನು ರದ್ದು ಮಾಡಿತು. ವಿಮಾನ ನಿಲ್ದಾಣದಲ್ಲಿ ಬೇರೆಯವರ ಚೀಲವನ್ನು ತನ್ನದೆಂದು ಎತ್ತಿಕೊಂಡವನೂ ಈ ಕಾನೂನಿನ ಪ್ರಕಾರ ಅಪರಾಧಿಯಾಗುತ್ತಾನಲ್ಲ ಎಂದು ನ್ಯಾಯಾಧೀಶರು ಕೇಳಿದರು. ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, 35ನೇ ಕಲಮು ಆರೋಪಿಗೆ ಅರಿವಿತ್ತು ಎಂದೇ ಊಹಿಸಿಕೊಳ್ಳುತ್ತದೆ, ಇರಲಿಲ್ಲ ಎಂದು ತೋರಿಸುವ ಭಾರ ಅವನ ಮೇಲೆಯೇ ಬೀಳುತ್ತದೆ. ಆದ್ದರಿಂದ ಈ ತೀರ್ಪನ್ನು ಓದಿದ ದಿನ ನನಗೆ ಊರಿನ ಎಷ್ಟೋ ಹುಡುಗರ ನೆನಪಾಯಿತು.

ಕಾನೂನೇ ಮೊದಲಿನಿಂದ ಅಸಿಂಧು ಎಂದಾದ ಮೇಲೆ 1971ರಿಂದ ಅದರಡಿ ಆದ ಶಿಕ್ಷೆಗಳಿಗೂ ಆಧಾರವಿಲ್ಲ. ನಿನ್ನ ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ ಎಂದು ಈಗ ಯಾರೂ ಕೇಳುವುದಿಲ್ಲ. ಆದರೆ ಕಡತಗಳು ತಾವಾಗಿ ಅಳಿಸಿಹೋಗಿಲ್ಲ. ಕೆಲವು ಕಡೆ ಪ್ರಾಸಿಕ್ಯೂಟರುಗಳೇ, ಅಂದರೆ ಕೇಸು ನಡೆಸುವ ಸರ್ಕಾರಿ ವಕೀಲರೇ, ಹಳೆಯ ಕೇಸುಗಳನ್ನು ಹುಡುಕಿ ರದ್ದು ಮಾಡಿಸಿದ್ದಾರೆ. ಉಳಿದ ಕಡೆ ಶಿಕ್ಷೆ ಕೊಟ್ಟ ಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಈ ಕೆಲಸಕ್ಕೆ, ದುಡ್ಡಿಲ್ಲದ ಆರೋಪಿಗಳ ಪರ ವಾದಿಸುವ ಸಾರ್ವಜನಿಕ ವಕೀಲರ ಕಚೇರಿಗಳು ಉಚಿತವಾಗಿ ನೆರವಾಗುತ್ತವೆ. ಒಂದು ಎಚ್ಚರಿಕೆ: ಇದು ಕೇವಲ ಇಟ್ಟುಕೊಂಡಿದ್ದಕ್ಕೆ ಆದ ಶಿಕ್ಷೆಗೆ ಮಾತ್ರ. ಮಾರಿದ್ದು, ಮಾರಲು ಇಟ್ಟುಕೊಂಡಿದ್ದು ಇದರಲ್ಲಿ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನು ಮುಂದಿದೆ. ಹುಟ್ಟು ಅಮೆರಿಕನ್ನರಿಗೆ ಕೇಸು ರದ್ದಾದರೆ ಸಾಕು. ನಮಗೆ ಸಾಲದು, ಯಾಕೆ ರದ್ದಾಯಿತು ಎಂಬುದೂ ಬೇಕು. ಶಿಕ್ಷೆ ಮುಗಿಸಿ ಇಷ್ಟು ವರ್ಷ ಒಳ್ಳೆಯ ನಡತೆಯಿಂದ ಇದ್ದಾನೆ ಎಂಬ ಕಾರಣಕ್ಕೆ ರದ್ದಾದರೆ ವಲಸೆ ಇಲಾಖೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಅವರ ಪುಸ್ತಕದಲ್ಲಿ ಶಿಕ್ಷೆ ಹಾಗೆಯೇ ಉಳಿಯುತ್ತದೆ. ಕೇಸಿನ ಬುಡದಲ್ಲೇ ಕಾನೂನಿನ ದೋಷವಿತ್ತು ಎಂಬ ಕಾರಣಕ್ಕೆ ರದ್ದಾದರೆ ಆಗ ಮಾತ್ರ ಶಿಕ್ಷೆ ಆಗಿಯೇ ಇಲ್ಲ ಎಂದು ವಾದಿಸಲು ನೆಲೆ ಸಿಗುತ್ತದೆ. ವಲಸೆ ಮೇಲ್ಮನವಿ ಮಂಡಳಿ 2003ರ ಪಿಕರಿಂಗ್ ಪ್ರಕರಣದಲ್ಲಿ ಹಾಕಿದ ಗೆರೆ ಇದು. ಬ್ಲೇಕ್ ತೀರ್ಪಿನ ಮೇಲೆ ನಿಂತ ರದ್ದತಿ ಎರಡನೆಯ ಜಾತಿಗೆ ಸೇರಿದ್ದು. ಆದರೆ ಆದೇಶದ ಹಾಳೆಯಲ್ಲಿ ಅದು ಹಾಗೆಂದು ಬರೆದಿರಬೇಕು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಮೈಸೂರಿನ ಕಡೆಯ ಒಬ್ಬರ ಜೊತೆ 2022ರಲ್ಲಿ ಈ ಓಡಾಟ ಮಾಡಿದ್ದೇನೆ. ಒಂದು ಶನಿವಾರ ಅವರು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು ಹರಡಿದರು. ಹದಿನಾಲ್ಕು ವರ್ಷದ ಹಿಂದಿನ ತಪ್ಪೊಪ್ಪಿಗೆಯ ನಮೂನೆ, ಮಡಿಕೆಯಲ್ಲಿ ಹರಿದಿತ್ತು. ಸಣ್ಣ ಅಕ್ಷರದ ಸಾಲುಗಳ ನಡುವೆ ಒಂದು ಸಾಲು: ನಾನು ಅಮೆರಿಕದ ಪ್ರಜೆಯಲ್ಲದಿದ್ದರೆ ಈ ತಪ್ಪೊಪ್ಪಿಗೆ ಗಡೀಪಾರಿಗೆ ಕಾರಣವಾಗಬಹುದು. ಕೆಳಗೆ ಅವರದೇ ಸಹಿ. ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿ, "ಇದು ಇಲ್ಲಿತ್ತೇ?" ಎಂದರು, ಅಷ್ಟೇ. ಕಾಫಿ ಆರಿಹೋಯಿತು. ಅವರು ಹಿಡಿದಿದ್ದ ಮೊದಲ ವಕೀಲರು ಒಳ್ಳೆಯ ನಡತೆಯ ಕಲಮಿನಡಿ ಅರ್ಜಿ ಸಿದ್ಧಪಡಿಸಿ ಸಹಿಗೆ ಕಳಿಸಿಬಿಟ್ಟಿದ್ದರು. ವಲಸೆ ವಕೀಲರಿಗೆ ತೋರಿಸಿದ್ದರಿಂದ ಬಚಾವಾದೆವು. ಅವರು ಓದಿದವರೇ ತಲೆ ಅಲ್ಲಾಡಿಸಿ, ಬ್ಲೇಕ್ ತೀರ್ಪಿನ ಹೆಸರು ಹೇಳಿ ಹೊಸ ಅರ್ಜಿ ಬರೆಸಿದರು. ಕೊನೆಗೆ ಕೆಂಟ್ ಊರಿನ ಕೋರ್ಟಿನಲ್ಲಿ ಮುದ್ರೆ ಒತ್ತಿದ ದೃಢೀಕೃತ ಪ್ರತಿ ಕೈಗೆ ಬಂದಾಗ, ಶಿಕ್ಷೆಗೆ ಆಧಾರವಾದ ಕಾನೂನು ಅಸಾಂವಿಧಾನಿಕ ಎಂಬ ಸಾಲನ್ನು ಆ ಮೈಸೂರಿನವರು ಕಾರಿನಲ್ಲಿ ಕೂತು ಗಟ್ಟಿಯಾಗಿ ಓದಿದರು, ಕನ್ನಡದಲ್ಲಿ ಅರ್ಥ ಹೇಳಿಕೊಂಡು ಮತ್ತೊಮ್ಮೆ ಓದಿದರು.

ಆದ್ದರಿಂದ ಅಣ್ಣ ಮೊದಲು ಹೋಗಬೇಕಾದದ್ದು ಕೋರ್ಟಿಗಲ್ಲ, ವಲಸೆ ವಕೀಲರ ಬಳಿಗೆ. ಸಿಯಾಟಲಿನ ನಾರ್ತ್‌ವೆಸ್ಟ್ ಇಮಿಗ್ರಂಟ್ ರೈಟ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕಡಿಮೆ ಆದಾಯದವರಿಗೆ ಇಂಥ ನೆರವು ಕೊಡುತ್ತದೆ. ಮೊದಲು ಬೇರೆ ದೊಡ್ಡ ಆರೋಪವಿದ್ದು ರಾಜಿಯಲ್ಲಿ ಇದಕ್ಕೆ ಇಳಿದದ್ದಾದರೆ ಹಳೆಯದನ್ನು ಕೆದಕುವ ಮುನ್ನ ಯೋಚಿಸಬೇಕಾಗುತ್ತದೆ, ಅದನ್ನು ಅವರೇ ನೋಡಿ ಹೇಳಬೇಕು. ಆದೇಶ ಕೈಗೆ ಬರುವವರೆಗೆ ವಿಮಾನ ಹತ್ತುವುದು ಬೇಡ, ಪೌರತ್ವದ ಅರ್ಜಿಯೂ ಬೇಡ. ಬಂದ ಮೇಲೆ ಅರ್ಜಿ ಹಾಕುವಾಗ ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಬೇಕು. ರದ್ದಾಗಿದೆ, ಹಾಗಾಗಿ ಇಲ್ಲ ಎಂದು ಬರೆದು ಸಿಕ್ಕಿಬಿದ್ದರೆ ಸುಳ್ಳು ಹೇಳಿದ ಹೊಸ ತಪ್ಪು ಹೆಗಲೇರುತ್ತದೆ. ಹೌದು ಎಂದು ಬರೆದು ಆದೇಶದ ಪ್ರತಿ ಲಗತ್ತಿಸಲಿ.

ದುಡ್ಡಿನ ಮಾತೂ ಇದೆ. ದಂಡ, ಕೋರ್ಟಿನ ಖರ್ಚು, ಸಂತ್ರಸ್ತರ ನಿಧಿಗೆಂದು 500 ಡಾಲರ್, ಡಿಎನ್‌ಎ ಶುಲ್ಕ 100 ಡಾಲರ್, ಇವೆಲ್ಲ ಅಣ್ಣ ಕಟ್ಟಿರಬಹುದು. 2018ರವರೆಗೆ ಬಾಕಿಯ ಮೇಲೆ ವರ್ಷಕ್ಕೆ ಶೇ. 12ರಂತೆ ಬಡ್ಡಿಯೂ ಬೆಳೆಯುತ್ತಿತ್ತು. ಶಿಕ್ಷೆ ರದ್ದಾದವರಿಗೆ ಆ ಹಣ ಮರಳಿಸಲು 2023ರ ಜುಲೈನಲ್ಲಿ ರಾಜ್ಯದ ನ್ಯಾಯಾಲಯಗಳ ಆಡಳಿತ ಕಚೇರಿ ಬ್ಲೇಕ್ ಮರುಪಾವತಿ ವಿಭಾಗವನ್ನು ತೆರೆಯಿತು. ಹಳೆಯ ರಸೀದಿಗಳಿದ್ದರೆ ಎಸೆಯದಿರಲಿ.

ಈಗ ನಿನ್ನ ವಿಷಯ. ಕಾನೂನು ಬಿತ್ತು ಎಂದರೆ ಎಲ್ಲಕ್ಕೂ ಬಾಗಿಲು ತೆರೆಯಿತು ಎಂದಲ್ಲ. ಶಾಸನಸಭೆ 2021ರಲ್ಲೇ ಹೊಸ ಕಾನೂನು ತಂದಿತು, 2023ರಲ್ಲಿ ಬಿಗಿ ಮಾಡಿತು. ತಿಳಿದೂ ಇಟ್ಟುಕೊಂಡರೆ ಈಗಲೂ ಅಪರಾಧವೇ. ಗಾಂಜಾ ಬೇರೆ ಕಥೆ: 2012ರಲ್ಲಿ ಮತದಾರರು ಒಪ್ಪಿದರು, 2014ರಿಂದ ಅಂಗಡಿಗಳಿವೆ, ಇಪ್ಪತ್ತೊಂದು ತುಂಬಿದವರು ಕೊಳ್ಳಬಹುದು. ಆದರೆ ನಿನ್ನ ವೀಸಾ ಕೊಟ್ಟದ್ದು ಈ ರಾಜ್ಯವಲ್ಲ. ಕೇಂದ್ರದ ವಲಸೆ ಕಾನೂನಿಗೆ ಅಂಗಡಿಯ ಫಲಕ ಕಾಣಿಸುವುದಿಲ್ಲ. ಶಿಕ್ಷೆಯೇ ಆಗಬೇಕೆಂದಿಲ್ಲ, ಅಧಿಕಾರಿಯ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರೂ ಒಳಗೆ ಬರುವ ಅರ್ಹತೆ ಹೋಗಬಹುದು. ನಮ್ಮ ಹುಡುಗರು ವಾರಾಂತ್ಯಕ್ಕೆ ಕೆನಡಾದ ವ್ಯಾಂಕೂವರಿಗೆ ಹೋಗಿ ಬ್ಲೇನ್ ಗಡಿಯಲ್ಲಿ ಮರಳಿ ಬರುವಾಗ ಗಾಂಜಾ ಸೇದಿದ್ದೀಯಾ ಎಂಬ ಪ್ರಶ್ನೆ ಎದುರಾದರೆ ಏನು ಮಾಡುತ್ತಾರೆಂದು ನನಗೆ ಯಾವಾಗಲೂ ಹೊಟ್ಟೆಯಲ್ಲಿ ಸಂಕಟ. ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನ ನೋಡಲು ಹೋದರೂ ಅದು ಕೇಂದ್ರದ ನೆಲ, ಅಲ್ಲಿ ರಾಜ್ಯದ ಗಾಂಜಾ ಕಾನೂನು ನಡೆಯದು. ಗಾಂಜಾ ಕಂಪನಿಗೆ ತಂತ್ರಾಂಶ ಬರೆಯುವ ಕೆಲಸ ಬಂದರೂ ಒಪ್ಪಬೇಡ. ಅಂಥ ಉದ್ಯೋಗ ಪೌರತ್ವಕ್ಕೆ ಅಡ್ಡಿಯಾಗಬಹುದೆಂದು ಪೌರತ್ವ ಇಲಾಖೆ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಅಮ್ಮ ಕಟ್ಟಿಕೊಟ್ಟ ಔಷಧಿ ಡಬ್ಬಿಯನ್ನೂ ಇಂದೇ ತೆರೆದು ನೋಡು. ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆಂದು ಅಲ್ಪ್ರಜೋಲಾಮ್, ಬೆನ್ನುನೋವಿಗೆ ಟ್ರಮಡಾಲ್, ಇವೆಲ್ಲ ಇಲ್ಲಿ ನಿಯಂತ್ರಿತ ಔಷಧಿಗಳು. ನಿನ್ನ ಹೆಸರಿನ ಚೀಟಿ ಇಲ್ಲದ್ದನ್ನು ಇಟ್ಟುಕೊಳ್ಳಬೇಡ. ಗೆಳೆಯನಿಗೆ ತಲೆನೋವೆಂದು ಒಂದು ಮಾತ್ರೆಯನ್ನೂ ಕೊಡಬೇಡ, ಅವನದ್ದನ್ನು ತೆಗೆದುಕೊಳ್ಳಲೂ ಬೇಡ. ಅಣ್ಣನ ಕಥೆ ಶುರುವಾದದ್ದೂ ಗೆಳೆಯನ ಮಾತ್ರೆಗಳಿಂದಲೇ ಅಲ್ಲವೇ?

ಇವತ್ತು ರಾತ್ರಿ ಊಟವಾದ ಮೇಲೆ ಅಣ್ಣನ ಜೊತೆ ಕೂತು ಇದನ್ನು ಓದು. ಅವನ ಕೇಸು ಯಾವ ಕೌಂಟಿಯದು, ಸಂಖ್ಯೆ ಏನು ಎಂದು ಕೇಳಿಕೊ. ಕಾಗದ ಕಳೆದಿದ್ದರೂ ಚಿಂತೆಯಿಲ್ಲ, ಕೋರ್ಟಿನ ಗುಮಾಸ್ತರ ಕಚೇರಿಯಲ್ಲಿ ಹೆಸರಿನ ಮೇಲೆ ಹುಡುಕಿಸಬಹುದು. ಒಬ್ಬನೇ ಹೋಗಲು ಸಂಕೋಚವೆಂದರೆ ತಿಳಿಸು, ನಾನು ಗುರುವಾರಗಳಂದು ಬಿಡುವಾಗಿರುತ್ತೇನೆ, ಜೊತೆಗೆ ಬರುತ್ತೇನೆ.