ಪ್ರತಿಕ್ರಿಯೆ: ಅಲ್ಝೈಮರ್ ಇರುವ ತಂದೆ ಮತ್ತೆ ಮತ್ತೆ ಆಸ್ಪತ್ರೆಗೆ, ಬಿಲ್ ಏರುತ್ತಲೇ ಇದೆ

ನಿಮ್ಮ ತಂದೆಗೆ ಎರಡೇ ದಿನದಲ್ಲಿ ಗೊಂದಲ ವಿಪರೀತವಾಗಿ, ಅವರು ರಾತ್ರಿ ಕೂಗಾಡಿ ಹಗಲು ಮಂಕಾಗಿ ಮಲಗುತ್ತಾರೆ ಎಂದಿದ್ದೀರಿ. ಇದು ಬಹುಶಃ ಡೆಲಿರಿಯಂ, ಅಂದರೆ ಔಷಧಿ ಅಥವಾ ಬೇರೆ ಕಾಯಿಲೆಯಿಂದ ದಿಢೀರನೆ ಬರುವ ಗೊಂದಲ. ಅಲ್ಝೈಮರ್ ಹೆಚ್ಚುವುದು ತಿಂಗಳುಗಳ ಲೆಕ್ಕದಲ್ಲಿ, ಹೀಗೆ ದಿಢೀರ್ ಅಲ್ಲ. ನೋಡದೆ ಖಚಿತವಾಗಿ ಹೇಳಲಾಗದು.

ಮೊದಲು ಹೊಸದಾಗಿ ಸೇರಿಸಿದ ಮಾತ್ರೆಗಳನ್ನು ನೋಡಿ. ನೆಗಡಿ ಸಿರಪ್‌ನಲ್ಲಿರುವ ಕ್ಲೋರ್‌ಫೆನಿರಮೈನ್, ನಿದ್ದೆಗೆಂದು ಕೊಡುವ ಅಲ್ಪ್ರಜೋಲಂ, ಮೂತ್ರ ತಡೆಯಲು ಆಕ್ಸಿಬ್ಯುಟಿನಿನ್, ಇವೆಲ್ಲ ಗೊಂದಲ ಹೆಚ್ಚಿಸಬಲ್ಲವು. ಕೊನೆಯದು ದೊಡ್ಡ ತಮಾಷೆ: ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್‌ನಿಂದಲೇ ಮೂತ್ರದ ಅವಸರ ಬರಬಹುದು, ಅದಕ್ಕೆ ಕೊಟ್ಟ ಮಾತ್ರೆ ಡೊನೆಪೆಜಿಲ್‌ಗೇ ವಿರುದ್ಧ. ನೀವಾಗಿ ನಿಲ್ಲಿಸಬೇಡಿ, ಅಲ್ಪ್ರಜೋಲಂ ಅಂತೂ ಒಮ್ಮೆಲೇ ಬಿಡಲೇಬಾರದು; ಪಟ್ಟಿ ವೈದ್ಯರಿಗೆ ತೋರಿಸಿ.

ಮಲಬದ್ಧತೆ, ಮೂತ್ರ ಕಟ್ಟಿದ್ದು, ನೀರು ಕಡಿಮೆ ಕುಡಿದದ್ದು ಗಮನಿಸಿ, ಇವೂ ಗೊಂದಲ ತರಬಲ್ಲವು. ಅದೇ ದಿನ ಸಿಬಿಸಿ (ರಕ್ತಕಣಗಳ ಎಣಿಕೆ), ಸೋಡಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಸಕ್ಕರೆ, ಮೂತ್ರ ಪರೀಕ್ಷೆ ಮಾಡಿಸಲು ಕೇಳಿ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡ ಮಾತ್ರಕ್ಕೆ ಸೋಂಕು ಎನ್ನಲಾಗದು. ಜ್ವರ, ಮೂತ್ರ ಮಾಡುವಾಗ ಉರಿ ಇವೆಯೇ ವೈದ್ಯರಿಗೆ ಹೇಳಿ.

ಬಿದ್ದು ತಲೆಗೆ ಪೆಟ್ಟು, ಒಂದು ಪಕ್ಕ ಸೋತಿರುವುದು, ಉಸಿರಾಟದ ತೊಂದರೆ, ಎಬ್ಬಿಸಿದರೂ ಏಳದಿರುವುದು ಕಂಡರೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ದಾಖಲಿಸಿದರೆ ಕನ್ನಡಕ, ಶ್ರವಣ ಸಾಧನ ಒಯ್ಯಿರಿ, ರಾತ್ರಿ ಮನೆಯವರೊಬ್ಬರು ಇರಲಿ. ಕ್ಯಾಥೆಟರ್ (ಮೂತ್ರದ ಕೊಳವೆ) ಹಾಕಿದ್ದರೆ ಇನ್ನೂ ಬೇಕೇ ಎಂದು ದಿನಾ ಕೇಳಿ. ಅದರ ಸೋಂಕು, ಬೀಳುವುದು, ಮಲಗಿದಲ್ಲೇ ಆಗುವ ಹುಣ್ಣು, ಇವೇ ಇನ್ನಷ್ಟು ದಿನ ಉಳಿಸಿ ಬಿಲ್ ಬೆಳೆಸುತ್ತವೆ. ಬಿಡುಗಡೆಯ ದಿನ ನಿಲ್ಲಿಸಿದ ಮಾತ್ರೆಗಳ ಹೆಸರನ್ನೂ ಬರೆಸಿಕೊಳ್ಳಿ.