ತಿಂಗಳಿಗೊಂದು ಅಮಾವಾಸ್ಯೆ, ಗ್ರಹಣ ಮಾತ್ರ ಯಾಕಿಲ್ಲ?

ಈ ಸಲದ ಪತ್ರಗಳಲ್ಲಿ ಗ್ರಹಣದ ಪ್ರಶ್ನೆಗಳೇ ಜಾಸ್ತಿ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವಕ್ಕಷ್ಟೇ ಉತ್ತರ ಬರೆದಿದ್ದೇನೆ.

ಅಮಾವಾಸ್ಯೆಯ ದಿನ ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರ ಬರುತ್ತಾನೆ ಎಂದು ಮಗಳ ಪಾಠದಲ್ಲಿದೆ. ಹಾಗಿದ್ದರೆ ತಿಂಗಳಿಗೊಂದು ಸೂರ್ಯಗ್ರಹಣ ಆಗಬೇಕಲ್ವಾ ಎಂದು ಅವಳು ಕೇಳುತ್ತಾಳೆ. ಏನು ಹೇಳಲಿ? – ಓದುಗರೊಬ್ಬರು, ಹಾವೇರಿ

ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಪಾಠದ ಮಾತು ಸರಿ, ತೊಂದರೆ ಇರುವುದು ಚಿತ್ರದಲ್ಲಿ. ಸೂರ್ಯ, ಚಂದ್ರ, ಭೂಮಿ ಮೂರನ್ನೂ ಅರ್ಧ ಪುಟದೊಳಗೆ ಕೂರಿಸಿರುತ್ತಾರೆ. ನೆರಳು ತಪ್ಪಿ ಹೋಗಲು ಅಲ್ಲಿ ಜಾಗವೇ ಇರುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ನಾನು ಮೊದಲು ಪುಸ್ತಕ ಮುಚ್ಚಿಸುತ್ತಿದ್ದೆ. ಆಮೇಲೆ ಒಂದು ದೊಡ್ಡ ತೆಂಗಿನಕಾಯಿ, ಒಂದು ಸಣ್ಣ ನಿಂಬೆಹಣ್ಣು ತರಿಸುತ್ತಿದ್ದೆ. ನೀವೂ ಮನೆಯಲ್ಲಿ ಮಾಡಿ ನೋಡಿ.

ಸಾವಿರ ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿಯಿರಿ. ಭೂಮಿ ಸುಮಾರು 13 ಸೆಂ.ಮೀ. ಆಯಿತು, ಅದು ತೆಂಗಿನಕಾಯಿ. ಚಂದ್ರ ಮೂರೂವರೆ ಸೆಂ.ಮೀ., ನಿಂಬೆಹಣ್ಣು. ಎರಡರ ನಡುವಿನ ದೂರ ಹೆಚ್ಚುಕಡಿಮೆ ನಾಲ್ಕು ಮೀಟರ್. ಟೇಬಲ್ಲಿನ ಮೇಲೆ ತೆಂಗಿನಕಾಯಿ ಇಟ್ಟರೆ ನಿಂಬೆಹಣ್ಣು ಹಿಡಿದವಳು ಬಾಗಿಲ ತನಕ ಹೋಗಿ ನಿಲ್ಲಬೇಕು. ಸೂರ್ಯ ಎಲ್ಲಿ ಅಂತೀರಾ? 14 ಮೀಟರ್ ಅಗಲದ ಗೋಳ, ಒಂದೂವರೆ ಕಿಲೋಮೀಟರ್ ಆಚೆ.

ಈಗ ಓರೆಯ ವಿಷಯ. ಭೂಮಿ ಸೂರ್ಯನನ್ನು ಸುತ್ತುವ ಮಟ್ಟದಲ್ಲೇ ಚಂದ್ರ ಭೂಮಿಯನ್ನು ಸುತ್ತುವುದಿಲ್ಲ. ಅವನ ದಾರಿ ಸುಮಾರು 5 ಡಿಗ್ರಿ ಓರೆ. ಅಷ್ಟೇನಾ ಅನ್ನಿಸಬಹುದು. ಆದರೆ ನಾಲ್ಕು ಮೀಟರ್ ದೂರಕ್ಕೆ ಆ ಓರೆ ಎಷ್ಟಾಗುತ್ತದೆ ಗೊತ್ತಾ? ನಿಂಬೆಹಣ್ಣನ್ನು 34 ಸೆಂ.ಮೀ. ತನಕ ಮೇಲೆತ್ತಬೇಕು, ಇಲ್ಲವೇ ಕೆಳಗಿಳಿಸಬೇಕು. ಅಲ್ಲಿಂದ ಅದರ ನೆರಳು ತೆಂಗಿನಕಾಯಿಗೆ ತಾಗುವುದೇ ಇಲ್ಲ. ಹೆಚ್ಚಿನ ಅಮಾವಾಸ್ಯೆಗಳಲ್ಲಿ ಆಗುವುದು ಇದೇ. ಹುಣ್ಣಿಮೆಗೂ ಇದೇ ಕಥೆ. ಅಷ್ಟು ದೂರದಲ್ಲಿ ಭೂಮಿಯ ದಟ್ಟ ನೆರಳಿನ ಅಗಲ ಬರೀ 9 ಸೆಂ.ಮೀ. ಚಂದ್ರ ಅದರ ಮೇಲಿಂದಲೋ ಕೆಳಗಿಂದಲೋ ದಾಟಿ ಹೋಗುತ್ತಾನೆ.

ಆಕಾಶದಲ್ಲಿ ಸೂರ್ಯನ ದಾರಿಯನ್ನು ಚಂದ್ರನ ದಾರಿ ಎರಡು ಕಡೆ ಕತ್ತರಿಸುತ್ತದೆ. ಪಂಚಾಂಗದ ಗಣಿತದಲ್ಲಿ ರಾಹು, ಕೇತು ಅಂದರೆ ಆ ಎರಡು ಬಿಂದುಗಳು. ಸೂರ್ಯ ಅವುಗಳ ಹತ್ತಿರ ಇದ್ದಾಗ ಅಮಾವಾಸ್ಯೆಯೋ ಹುಣ್ಣಿಮೆಯೋ ಬಂದರೆ ಗ್ರಹಣ. ಸುಮಾರು 173 ದಿನಕ್ಕೊಮ್ಮೆ ಇಂಥ ಕಾಲ ಬರುತ್ತದೆ. ಬಂದರೆ ಒಂದು ತಿಂಗಳಿಗಿಂತ ತುಸು ಜಾಸ್ತಿಯೇ ಇರುತ್ತದೆ. ಗ್ರಹಣಗಳು ಜೋಡಿಯಾಗಿ ಬರುವುದು ಅದಕ್ಕೇ. 2025ನ್ನೇ ನೋಡಿ. ಮಾರ್ಚ್ 14ಕ್ಕೆ ಚಂದ್ರಗ್ರಹಣ, 29ಕ್ಕೆ ಸೂರ್ಯಗ್ರಹಣ. ಮತ್ತೆ ಸೆಪ್ಟೆಂಬರ್ 7ಕ್ಕೆ ಚಂದ್ರ, 21ಕ್ಕೆ ಸೂರ್ಯ. ನಾಲ್ಕರಲ್ಲಿ ನಮ್ಮ ಊರುಗಳಿಗೆ ಕಾಣುವಂತಿದ್ದದ್ದು ಸೆಪ್ಟೆಂಬರ್ 7ರದ್ದೊಂದೇ.

ಗ್ರಹಣಕ್ಕೆ ನೆರಳೇ ಕಾರಣ ಎಂದು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಬರೆದಿಟ್ಟಿದ್ದಾನೆ. ಇದನ್ನೂ ಮಗಳಿಗೆ ಹೇಳಿ.

2019ರಲ್ಲಿ ಮಂಗಳೂರಿನಲ್ಲಿ ಸೂರ್ಯ ಬಳೆಯಂತೆ ಕಂಡಿದ್ದನ್ನು ನಾನೇ ನೋಡಿದೆ. ಕತ್ತಲೆಯೇನೂ ಆಗಲಿಲ್ಲ. 1980ರಲ್ಲಿ ಹಗಲೇ ಕತ್ತಲಾಗಿ ಚುಕ್ಕಿ ಕಂಡವು ಎನ್ನುತ್ತಾರೆ ನಮ್ಮ ದೊಡ್ಡಪ್ಪ. ಎರಡೂ ಸೂರ್ಯಗ್ರಹಣವೇ ತಾನೆ? – ಓದುಗರೊಬ್ಬರು, ಸುರತ್ಕಲ್

ದೊಡ್ಡಪ್ಪ ಹೇಳಿದ್ದು ಖರೆ. ಚಂದ್ರ ಯಾವಾಗಲೂ ಒಂದೇ ದೂರದಲ್ಲಿ ಇರುವುದಿಲ್ಲ. ಒಮ್ಮೆ ಮೂರೂವರೆ ಲಕ್ಷ ಕಿ.ಮೀ. ದಾಟಿದಷ್ಟು ಹತ್ತಿರ, ಇನ್ನೊಮ್ಮೆ ನಾಲ್ಕು ಲಕ್ಷ ಮೀರಿದ ದೂರ. ಅವನ ದಟ್ಟ ನೆರಳಿನ ಉದ್ದವೋ ಸುಮಾರು 3.74 ಲಕ್ಷ ಕಿ.ಮೀ. ಹತ್ತಿರ ಇದ್ದಾಗ ಅದರ ಮೊನೆ ನೆಲ ಮುಟ್ಟುತ್ತದೆ, ಪೂರ್ತಿ ಕತ್ತಲೆ. ದೂರ ಇದ್ದಾಗ ಮೊನೆ ನೆಲ ಮುಟ್ಟುವ ಮೊದಲೇ ಮುಗಿಯುತ್ತದೆ, ಸೂರ್ಯನ ಅಂಚು ಸುತ್ತಲೂ ಉಳಿಯುತ್ತದೆ. 2019ರ ಡಿಸೆಂಬರ್ 26ರಂದು ಚಂದ್ರ ಸೂರ್ಯನಿಗಿಂತ ಶೇಕಡಾ 3ರಷ್ಟು ಚಿಕ್ಕವನಾಗಿ ಕಂಡ. ಆ 3 ಸಾಕು, ಹಗಲು ಹಗಲಾಗಿಯೇ ಉಳಿಯಲು.

1980ರ ಫೆಬ್ರವರಿ 16ರ ನೆರಳು ಅಂಕೋಲಾ ಕಡೆಯಿಂದ ಒಳಗೆ ಬಂದು ಹುಬ್ಬಳ್ಳಿ, ಗದಗ, ರಾಯಚೂರು ದಾಟಿ ಹೋಯಿತು. ನಾನಾಗ ಹುಬ್ಬಳ್ಳಿಯಲ್ಲಿ ಹೈಸ್ಕೂಲು ಹುಡುಗಿ. ಅವ್ವ ಬಾಗಿಲು, ಕಿಟಕಿ ಎಲ್ಲಾ ಹಾಕಿದ್ದಳು. ಪಡುವಣ ಬಾಗಿಲಿನಲ್ಲಿ ಮೊಳೆ ಕಿತ್ತ ತೂತುಗಳಿದ್ದವು. ಅವುಗಳಿಂದ ಬಿಸಿಲು ಒಳಗೆ ಬಿದ್ದು, ಎದುರು ಗೋಡೆಯ ಸುಣ್ಣದ ಮೇಲೆ ಸಾಲಾಗಿ ಸಣ್ಣ ಸಣ್ಣ ಕುಡುಗೋಲು ಮೂಡಿದ್ದವು. ಪ್ರತಿ ತೂತಿಗೂ ಒಂದು ಸೂರ್ಯ! ಅವು ಸಣ್ಣಗಾಗುತ್ತಾ ಹೋಗಿ, ಮೂರೂವರೆ ದಾಟಿದ ಮೇಲೆ ಎಲ್ಲವೂ ಒಟ್ಟಿಗೆ ಆರಿದವು. ಮೂರು ನಿಮಿಷ ತುಂಬುವ ಮೊದಲೇ ಮತ್ತೆ ಹೊತ್ತಿಕೊಂಡವು, ಈ ಸಲ ಇನ್ನೊಂದು ಕಡೆಗೆ ಬಾಗಿ. ನಾನು ವಿಜ್ಞಾನದ ಮೇಷ್ಟ್ರಾಗಿದ್ದು ಆ ಗೋಡೆಯಿಂದ.

ಇಂಥ ನೆರಳು ನೆಲದ ಮೇಲೆ ಹೆಚ್ಚೆಂದರೆ 270 ಕಿ.ಮೀ. ಅಗಲ. ತೆಂಗಿನಕಾಯಿಯ ಮೇಲೆ ಒಂದು ಎಳ್ಳಿನಷ್ಟು. ನಮ್ಮೂರ ಮೇಲೇ ಅದು ಬೀಳುವುದು ಎಷ್ಟು ಅಪರೂಪ ಅಲ್ವಾ? 1868ರ ಆಗಸ್ಟ್ 18ರಂದು ಹೀಗೆ ಬಿದ್ದ ನೆರಳಿಗಾಗಿ ಜಾನ್ ಹರ್ಶೆಲ್ ಎಂಬ ಲೆಫ್ಟಿನೆಂಟ್ ನಮ್ಮ ಜಮಖಂಡಿಗೆ ಉಪಕರಣ ಹೊತ್ತು ಬಂದಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕೂತಿದ್ದ. ಆ ಗ್ರಹಣದಲ್ಲಿ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆ ಹೀಲಿಯಂ ಪತ್ತೆಗೆ ದಾರಿಯಾಯಿತು.

ಭೂಮಿಯ ನೆರಳಿಗೆ ಸಿಕ್ಕ ಚಂದ್ರ ಕಪ್ಪಾಗಬೇಕು. ಕೆಂಪಾಗುವುದು ಯಾಕೆ? – ಓದುಗರೊಬ್ಬರು, ತುಮಕೂರು

ಭೂಮಿಗೆ ಗಾಳಿಯ ಹೊದಿಕೆ ಇರುವುದರಿಂದ. ಅಂಚಿನ ಗಾಳಿ ಸೂರ್ಯನ ಬೆಳಕನ್ನು ಬಗ್ಗಿಸಿ ನೆರಳಿನೊಳಗೆ ಕಳಿಸುತ್ತದೆ. ದಾರಿಯಲ್ಲಿ ನೀಲಿ ಚದುರಿ, ಕೆಂಪು ಉಳಿಯುತ್ತದೆ. 2025ರ ಸೆಪ್ಟೆಂಬರ್ 7ರ ರಾತ್ರಿ 11ರಿಂದ 82 ನಿಮಿಷ ಚಂದ್ರನ ಮೇಲಿದ್ದದ್ದು ಆ ಹೊತ್ತಿಗೆ ಭೂಮಿಯ ಸುತ್ತ ಆಗುತ್ತಿದ್ದ ಎಲ್ಲ ಸೂರ್ಯೋದಯ, ಸೂರ್ಯಾಸ್ತಗಳ ಬೆಳಕು.

ಗ್ರಹಣದ ಹೊತ್ತಿಗೆ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ ಎನ್ನುತ್ತಾರೆ. ನಿಜವೇ? – ಓದುಗರೊಬ್ಬರು, ಕೊಪ್ಪಳ

ಒನಕೆ ನಿಲ್ಲುವುದು ನಿಜ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಒನಕೆಯ ತಳ ನೋಡಿ: ಸಪಾಟು, ಮೇಲೆ ಕಬ್ಬಿಣದ ಬಳೆಯ ಭಾರ. ಭಾರ ಪೂರ್ತಿ ತಳದ ಮೇಲೆ ಬರುವಂತೆ ನಿಧಾನಕ್ಕೆ ಹಿಡಿದು ಬಿಟ್ಟರೆ ಯಾವ ದಿನವಾದರೂ ನಿಲ್ಲುತ್ತದೆ. ನಮ್ಮ ಮನೆಯ ಒನಕೆ ಗ್ರಹಣವಿಲ್ಲದ ದಿನ, ನೀರೂ ಇಲ್ಲದೆ, ಸಂಜೆ ತನಕ ನಿಂತಿತ್ತು. ಸೂರ್ಯ ಚಂದ್ರರ ಸೆಳೆತವೋ ಅಂದರೆ, ಅದು ಎಲ್ಲ ಅಮಾವಾಸ್ಯೆ, ಹುಣ್ಣಿಮೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸುಮ್ನೆ ನಂಬಬೇಡಿ, ನಾಳೆಯೇ ನಿಲ್ಲಿಸಿ ನೋಡಿ.

ಸಗಣಿ ನೀರಿನಲ್ಲಿ ನೋಡಬಹುದಾ? ಎಕ್ಸ್‌ರೇ ಫಿಲ್ಮ್ ನಡೆಯುತ್ತದಾ? ಮುಂದಿನ ಕಂಕಣ ಯಾವಾಗ? – ಓದುಗರೊಬ್ಬರು, ಮೈಸೂರು

ಎರಡೂ ಬೇಡವೇ ಬೇಡ. ಕಣ್ಣಿನ ಪರದೆ ಸುಟ್ಟರೆ ಆಗ ನೋವು ಗೊತ್ತಾಗುವುದಿಲ್ಲ, ಹೋದ ದೃಷ್ಟಿ ಬರುವುದೂ ಕಷ್ಟ. ಗ್ರಹಣದ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಬಳಸಿ. ಅದೂ ಇಲ್ಲದಿದ್ದರೆ ರಟ್ಟಿಗೆ ಮೊಳೆಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬೆಳಕನ್ನು ಬಿಳಿ ಹಾಳೆಯ ಮೇಲೆ ಬೀಳಿಸಿಕೊಳ್ಳಿ. ತೂತಿನಿಂದ ಸೂರ್ಯನನ್ನು ಇಣುಕಬೇಡಿ. ಚಂದ್ರಗ್ರಹಣಕ್ಕೆ ಇದ್ಯಾವುದೂ ಬೇಡ, ಬರಿಗಣ್ಣೇ ಸಾಕು.

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣ ಹಾದು ಹೋಗಲಿದೆ. ಮೈಸೂರಿನಲ್ಲೇ ಇದ್ದರೆ ಸೂರ್ಯನ ಬಹುಪಾಲು ಮುಚ್ಚಿದ್ದು ಕಾಣುತ್ತದೆ, ಆದರೆ ಬಳೆ ಬೇಕೆಂದರೆ ಗಡಿ ದಾಟಲೇಬೇಕು. ಬೇಸಿಗೆ ರಜೆಯ ಹೊತ್ತು, ಮಕ್ಕಳನ್ನೂ ಕರೆದುಕೊಂಡು ಹೋಗಿ.