ಯಕ್ಷಗಾನದಲ್ಲಿ ವೇಷ ಹಾಕುವವನೇ ಏಜೆಂಟನಾಗಿ ಆಟ (ಪ್ರದರ್ಶನ) ಗೊತ್ತು ಮಾಡಿಸಿ, ಪ್ರಸಂಗವನ್ನೂ ಬರೆಯಬಹುದಾ?

ಬರೆಯಬಹುದು. ನಮ್ಮ ಕಾಸರಗೋಡಿನ ಕುಂಬಳೆ ಕಡೆ ಯಕ್ಷಗಾನದಲ್ಲಿ ಇದೇನೂ ಹೊಸತಲ್ಲ, ಆದರೆ ಮೂರೂ ಬೇರೆ ಬೇರೆ ಕೆಲಸ.

ತೆಂಕುತಿಟ್ಟಿನಲ್ಲಿ (ಯಕ್ಷಗಾನದ ದಕ್ಷಿಣದ ಶೈಲಿ) ಕೋಡಂಗಿ, ಬಾಲಗೋಪಾಲರಂಥ ಆರಂಭದ ಚಿಕ್ಕ ವೇಷಗಳಿಂದ ಶುರು ಮಾಡಿ, ಚುರುಕು ಕುಣಿತದ ಯುವವೀರರ ಪುಂಡುವೇಷಕ್ಕೆ ಬರುವಷ್ಟರಲ್ಲಿ ವರ್ಷಗಳೇ ಹೋಗುತ್ತವೆ. ಏಜೆಂಟ್ ಕೆಲಸ ಅಂದ್ರೆ ಮೇಳದ (ತಂಡದ) ಯಜಮಾನರಿಗೂ ಆಟ ಆಡಿಸುವವರಿಗೂ ನಡುವೆ ಓಡಾಡುವುದು. ತಿರುಗಾಟ ಹೆಚ್ಚುಕಮ್ಮಿ ನವೆಂಬರಿಗೆ ಶುರುವಾಗಿ ಮೇ ಕೊನೆಯ, ತುಳುನಾಡಿನ ಪತ್ತನಾಜೆ ದಿನಕ್ಕೆ ಮುಗಿಯುತ್ತದೆ, ದುಡಿಮೆಯೂ ಅಷ್ಟೇ ತಿಂಗಳು. ಈ ಏಜೆಂಟ್ ಕೆಲಸ ನಾನು ಎರಡು ಸೀಸನ್ ಮಾಡಿದೆ. ಒಂದು ಸಲ ಪದ್ಯ ಹಾಡುವ ಒಬ್ಬರೇ ಭಾಗವತರನ್ನು ಒಂದೇ ರಾತ್ರಿ ಎರಡು ಕಡೆಗೆ ಒಪ್ಪಿಸಿಬಿಟ್ಟು, ಚೌಕಿಯಲ್ಲಿ (ಬಣ್ಣದ ಕೋಣೆ) ಅರ್ಧ ಬಣ್ಣ ಹಚ್ಚಿಕೊಂಡೇ ಕೂತು ಬೈಗುಳ ತಿಂದಿದ್ದೇನೆ.

ಬರವಣಿಗೆ ಇದಕ್ಕಿಂತ ಜಾಸ್ತಿ ಕಷ್ಟ. ನಾಟಕದ ಹಾಗೆ ಇಲ್ಲಿ ಮಾತು ಬರೆಯುವುದಿಲ್ಲ. ಪ್ರಸಂಗ ಅಂದ್ರೆ ಪದ್ಯಗಳು, ಅರ್ಥ, ಅಂದ್ರೆ ಮಾತು, ಹೇಳುವುದು ವೇಷಧಾರಿಯ ಪಾಲು. ರಾಗ, ತಾಳ ಗೊತ್ತಿರಬೇಕು, ಭಾಮಿನಿ, ವಾರ್ಧಕ, ಕಂದ ಛಂದಸ್ಸುಗಳು ಕೈಗೆ ಹತ್ತಬೇಕು. ಕುಂಬಳೆಯ ಹಳೆಯ ಪ್ರಸಂಗಕವಿ ಪಾರ್ತಿಸುಬ್ಬನ ರಾಮಾಯಣದ ಪದಗಳನ್ನು ಇವತ್ತಿಗೂ ಹಾಡುತ್ತಾರೆ ಅಂದ್ರೆ ಸುಮ್ನೆ ಅಲ್ಲ, ಅವು ಬಾಯಿಗೆ ಅಷ್ಟು ಸಲೀಸಾಗಿ ಬರುತ್ತವೆ. ವೇಷ ಹಾಕಿದವನಿಗೆ ಒಂದು ಲಾಭ ಇದೆ: ಕುಣಿತಕ್ಕೆ ಎಲ್ಲಿ ಜಾಗ ಬೇಕು, ಮಾತಿಗೆ ಎಲ್ಲಿ ಬಿಡಬೇಕು ಅಂತ ಮೈಗೇ ಗೊತ್ತಿರುತ್ತದೆ. ಪುಸ್ತಕ ಓದಿ ಬರೆದವರು ಎಡವುವುದು ಹೆಚ್ಚಾಗಿ ಅಲ್ಲೇ ಅಲ್ವಾ?

ಬರೆಯುವುದಿದ್ದರೆ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಆಗ ವೇಷ, ಕುಣಿತ ಇಲ್ಲದೆ ಕೂತು ಹಾಡಿ ಅರ್ಥ ಹೇಳುವ ತಾಳಮದ್ದಳೆ ಕೂಟಗಳು ನಡೆಯುತ್ತವೆ, ವೇಷದ ಖರ್ಚಿಲ್ಲದೆ ಪದ್ಯ ಹಾಡಿಸಿ ನೋಡಬಹುದು.